ಕುದುರೆ ಮಸಾಲೆಯಲ್ಲಿ ಎಲೆಯಿಲ್ಲದ ಹಳದಿ ಬಳ್ಳಿ: ಇದು ಯಾವುದು, ಇದನ್ನು ತಡೆಯುವುದು ಹೇಗೆ?

ಜತ್ತದ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಪೂರ್ವ ಭಾಗದ ಊರು. ಕೊಳವೆಬಾವಿಯ ನೀರನ್ನು ನಂಬಿ ಇಪ್ಪತ್ತು ಗುಂಟೆಯಲ್ಲಿ ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವಿನ ಬೆಳೆ) ಹಾಕಿಕೊಂಡು ಆಕಳು, ಎಮ್ಮೆ ಸಾಕಿದ್ದೇವೆ. ಮಳೆಗಾಲ ಮುಗಿದ ಮೇಲೆ ಬದುವಿನ ಕಡೆಯ ಮೂಲೆಯಲ್ಲಿ ಶ್ಯಾವಿಗೆಯಷ್ಟು ತೆಳುವಾದ, ಎಲೆಯೇ ಇಲ್ಲದ ಹಳದಿ ಬಳ್ಳಿ ಕಾಣಿಸಿಕೊಂಡಿತು. ಮೊದಲು ಮೊಳದಷ್ಟು ಜಾಗದಲ್ಲಿದ್ದದ್ದು ಈಗ ಒಂದು ಹಾಸಿಗೆ ಹಾಸುವಷ್ಟು ಅಗಲವಾಗಿದೆ. ಪ್ರತಿ ಕಟಾವಿನಲ್ಲಿಯೂ ಮೇವಿನ ಜೊತೆಗೆ ಬಳ್ಳಿಯೂ ಕೊಯ್ದು ಹೋಗುತ್ತದೆ, ಆದರೆ ಮಸಾಲೆ ಚಿಗುರುವ ಹೊತ್ತಿಗೆ ಅದೂ ಚಿಗುರಿರುತ್ತದೆ. ಕೈಯಿಂದ ಎಳೆದರೆ ಪಟಕ್ಕನೆ ಹರಿದು ಬರುತ್ತದೆ, ದಂಟಿನ ಮೇಲೆ ಮಾತ್ರ ಸಣ್ಣ ಗಂಟುಗಳು ಸಾಲಾಗಿ ಉಳಿದುಬಿಡುತ್ತವೆ. ಬುಡ ಹುಡುಕಿಕೊಂಡು ನೆಲದವರೆಗೂ ಹೋದೆ, ಬೇರು ಎಲ್ಲಿಯೂ ಸಿಗಲಿಲ್ಲ.

ಮಸಾಲೆ ಉಳಿದು ಬಳ್ಳಿಯಷ್ಟೇ ಸಾಯುವಂತಹ ಎಣ್ಣೆ, ಅಂದರೆ ಕಳೆನಾಶಕ, ಯಾವುದಾದರೂ ಇದೆಯೇ? ಬಳ್ಳಿ ಬೆರೆತ ಮೇವನ್ನು ದನಗಳಿಗೆ ಹಾಕಬಹುದೇ? ಪಕ್ಕದ ಹೊಲದವರು ತೊಗರಿ ಬೆಳೆದಿದ್ದಾರೆ, ಅವರಿಗೂ ಈಗ ಆತಂಕ ಹತ್ತಿದೆ. ಚಿತ್ರಗಳನ್ನು ಹಾಕಿದ್ದೇನೆ.

ಅಕ್ಕಲಕೋಟದ ನಿವೃತ್ತ ಕೃಷಿ ಸಹಾಯಕ

ಚಿತ್ರ ನೋಡಿದೆ. ಇದು ಕಸ್ಕ್ಯೂಟಾ. ನಮ್ಮ ಮರಾಠಿ ಅಧಿಕಾರಿಗಳು ಅಮರವೇಲ ಎನ್ನುತ್ತಾರೆ, ನಮ್ಮ ಹಿರಿಯರು ಆಕಾಶಬಳ್ಳಿ, ಬಂಗಾರದ ಬಳ್ಳಿ ಎನ್ನುತ್ತಿದ್ದರು. ಬುಡ ಸಿಗದಿರುವುದೇ ಇದರ ಮೊದಲ ಗುರುತು. ಬೀಜದಿಂದ ಮೊಳೆತಾಗ ನೆಲದಲ್ಲಿ ಒಂದು ತುಣುಕು ಬೇರಿನಂತಹ ಭಾಗ ಇರುತ್ತದೆ. ಆಸರೆಯ ಗಿಡಕ್ಕೆ ಸುತ್ತಿಕೊಂಡು ಹೀರುಬೇರುಗಳನ್ನು ದಂಟಿನೊಳಗೆ ಇಳಿಸಿದ ಮೇಲೆ ಆ ಬುಡ ಒಣಗಿ ಹೋಗುತ್ತದೆ. ಆಮೇಲೆ ಅದಕ್ಕೂ ಮಣ್ಣಿಗೂ ಸಂಬಂಧವೇ ಇರುವುದಿಲ್ಲ. ನೀವು ನೋಡಿದ ಗಂಟುಗಳೇ ಆ ಹೀರುಬೇರುಗಳು. ನೀರು, ಲವಣ, ಗಿಡ ತಯಾರಿಸಿದ ಸಕ್ಕರೆ, ಎಲ್ಲವನ್ನೂ ಅವುಗಳ ಮೂಲಕವೇ ಎಳೆದುಕೊಳ್ಳುತ್ತದೆ. ಎಳೆದು ಹರಿದಾಗ ಗಂಟು ದಂಟಿನಲ್ಲಿಯೇ ಉಳಿದರೆ ಅಲ್ಲಿಂದಲೇ ಮತ್ತೆ ಹೊಸ ಎಳೆ ಹೊರಡುತ್ತದೆ. ಆದ್ದರಿಂದ ಕೈಯಿಂದ ಹರಿಯುವುದನ್ನು ಇಂದೇ ನಿಲ್ಲಿಸಿರಿ. ಹರಿದ ತುಂಡು ಪಕ್ಕದ ದಂಟಿನ ಮೇಲೆ ಬಿದ್ದರೆ ಅಲ್ಲಿಯೂ ಹತ್ತಿಕೊಳ್ಳುತ್ತದೆ.

ಎಣ್ಣೆಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ಮಾತು ತಿಳಿಸಿರಿ: ಬಳ್ಳಿಯಲ್ಲಿ ಹೂ ಕಾಣಿಸಿದೆಯೇ? ಬಿಳಿಯ ಸಣ್ಣ ಹೂಗಳು ಗುಂಪುಗುಂಪಾಗಿ ಎಳೆಗೆ ಅಂಟಿಕೊಂಡಿರುತ್ತವೆ. ಮುಂದೆ ಏನು ಮಾಡಬೇಕೆಂಬುದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಬದಿಯಡ್ಕದ ತೋಟಗಾರ

ಕಾಸರಗೋಡಿನಲ್ಲಿಯೂ ಇಂತಹದೇ ಬಳ್ಳಿ ಇದೆ. ಕರಾವಳಿಯ ಮರಳುಭೂಮಿಯ ಪೊದೆಗಳ ಮೇಲೆ ಬಲೆ ಹಾಸಿದಂತೆ ಹಬ್ಬಿರುತ್ತದೆ, ಒಳಭಾಗದಲ್ಲಿ ಬೇಲಿಗಿಡಗಳ ಮೇಲೂ ಕಾಣುತ್ತದೆ. ವರ್ಷಗಳಿಂದ ನೋಡುತ್ತಿದ್ದರೂ ಅಡಿಕೆಗೋ ಕರಿಮೆಣಸಿಗೋ ಅದು ದೊಡ್ಡ ತೊಂದರೆ ಕೊಟ್ಟಿಲ್ಲ. ಹಾಗಿರುವಾಗ ಜತ್ತದ ಅಣ್ಣನವರು ಇಷ್ಟು ಗಾಬರಿಯಾಗಬೇಕೇ ಎಂಬ ಪ್ರಶ್ನೆ ನನ್ನದು. ನಮ್ಮಲ್ಲಿ ನಿಜವಾದ ಕಾಟವೆಂದರೆ ಮಾವು, ಗೇರು ಮರಗಳ ಬಂದಳಿಕೆಯದು.

ಸೊಲ್ಲಾಪುರದ ಸಸ್ಯಶಾಸ್ತ್ರ ಅಧ್ಯಾಪಕಿ

ಬದಿಯಡ್ಕದವರು ಹೇಳುತ್ತಿರುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಸ್ಯಗಳು ಬೆರೆತಿವೆ. ಇವುಗಳನ್ನು ಬಿಡಿಸಿಕೊಳ್ಳದೆ ಹತೋಟಿಯ ಮಾತಿಗೆ ಹೋದರೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಂತಾಗುತ್ತದೆ.

ಬಂದಳಿಕೆಗೆ ಅಗಲವಾದ ಹಸಿರು ಎಲೆಗಳಿವೆ. ಅದು ಮರದಿಂದ ನೀರು ಮತ್ತು ಲವಣಗಳನ್ನು ಮಾತ್ರ ಕದ್ದು ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದರ ಅಂಟು ಬೀಜವನ್ನು ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒಯ್ಯುತ್ತವೆ. ಅಂಟಿದ ಜಾಗಕ್ಕಿಂತ ಕೆಳಗಿನಿಂದ ಕೊಂಬೆಯನ್ನೇ ಕತ್ತರಿಸುವುದು ಅದಕ್ಕೆ ಮದ್ದು.

ಕಡಲ ತೀರದ ಮರಳಿನಲ್ಲಿ ಹಬ್ಬುವ ಎಲೆಯಿಲ್ಲದ ಬಳ್ಳಿ ಹೆಚ್ಚಾಗಿ ಕ್ಯಾಸಿಥಾ ಫಿಲಿಫಾರ್ಮಿಸ್. ನೋಡಲು ಕಸ್ಕ್ಯೂಟಾದಂತೆಯೇ ಇದ್ದರೂ ಕುಲದಲ್ಲಿ ಅದು ದಾಲ್ಚಿನ್ನಿ ಮತ್ತು ಬೆಣ್ಣೆಹಣ್ಣಿನ ಬಂಧು. ಕಸ್ಕ್ಯೂಟಾ ಗೆಣಸಿನ ಕುಟುಂಬಕ್ಕೆ ಸೇರಿದ್ದು. ಕ್ಯಾಸಿಥಾದ ಎಳೆ ಹಸಿರು ಮಿಶ್ರಿತವಾಗಿ, ಗಡುಸಾಗಿ, ವರ್ಷಗಟ್ಟಲೆ ಬದುಕುತ್ತದೆ. ಹಣ್ಣು ದುಂಡಗೆ, ರಸಭರಿತವಾಗಿ, ಒಂದೇ ಬೀಜದ್ದಾಗಿರುತ್ತದೆ. ಕಸ್ಕ್ಯೂಟಾದ ಕಾಯಿ ಒಣ ಸಂಪುಟ, ಅದರಲ್ಲಿ ನಾಲ್ಕರವರೆಗೆ ಬೀಜಗಳಿರುತ್ತವೆ. ಸಂದೇಹ ಬಂದಾಗ ಕಾಯಿಯನ್ನು ಬೆರಳಲ್ಲಿ ಹಿಸುಕಿ ನೋಡಿರಿ. ರಸ ಬಂದರೆ ಕ್ಯಾಸಿಥಾ. ಒಣ ಸಿಪ್ಪೆ ಒಡೆದು ಮರಳಿನಂತಹ ಕಾಳು ಉದುರಿದರೆ ಕಸ್ಕ್ಯೂಟಾ.

ಇನ್ನು ಕಸ್ಕ್ಯೂಟಾದಲ್ಲಿಯೇ ಜಗತ್ತಿನಾದ್ಯಂತ ಸುಮಾರು 200 ಪ್ರಭೇದಗಳಿವೆ. ನಮ್ಮ ಭಾಗದ ಬಾರಿಗಿಡ, ದುರಂಟಾ ಬೇಲಿಗಳ ಮೇಲೆ ಕಾಣುವುದು ಕಸ್ಕ್ಯೂಟಾ ರಿಫ್ಲೆಕ್ಸಾ. ಅದರ ಎಳೆ ದಪ್ಪ, ಹೂ ದೊಡ್ಡದಾಗಿ ಗಂಟೆಯಾಕಾರದಲ್ಲಿರುತ್ತದೆ, ಅದು ಈ ನೆಲದ್ದೇ ಸಸ್ಯ, ಪೊದೆ ಮತ್ತು ಮರಗಳನ್ನು ಹೆಚ್ಚು ಇಷ್ಟಪಡುತ್ತದೆ. ಹೈನುಗಾರರ ಚಿತ್ರದಲ್ಲಿರುವ ಎಳೆ ಬಹಳ ತೆಳು, ಬಣ್ಣ ಹಳದಿಯಿಂದ ಕಿತ್ತಳೆಗೆ ತಿರುಗಿದೆ, ಬೆಳೆದಿರುವುದು ನೆಲಮಟ್ಟದ ಮೃದುವಾದ ಬೆಳೆಯ ಮೇಲೆ. ಇದು ಕಸ್ಕ್ಯೂಟಾ ಕ್ಯಾಂಪೆಸ್ಟ್ರಿಸ್ ಎಂಬುದು ನನ್ನ ಅಭಿಪ್ರಾಯ. ಇದರ ತವರು ಉತ್ತರ ಅಮೆರಿಕ. ಮೇವಿನ ಬೀಜಗಳ ಜೊತೆಯಲ್ಲಿ ಬೆರೆತು ಜಗತ್ತೆಲ್ಲ ಸುತ್ತಿರುವ, ಹೊಲಗಳಿಗೆ ಅತಿ ಹೆಚ್ಚು ಹಾನಿ ಮಾಡುವ ಪ್ರಭೇದ ಇದೇ. ಬೇಲಿಯ ಮೇಲಿನ ಬಳ್ಳಿ ನಿರುಪದ್ರವಿಯಾಗಿ ಕಂಡಿತೆಂದು ಇದನ್ನೂ ಹಾಗೆಯೇ ಭಾವಿಸಬಾರದು.

ಬದಿಯಡ್ಕದ ತೋಟಗಾರ

ಅಕ್ಕಾ, ತೀರದ ಗಿಡದ ಹಣ್ಣು ಹಿಸುಕಿದರೆ ಅಂಟು ರಸ ಬರುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಹಾಗಾದರೆ ಅದು ಕ್ಯಾಸಿಥಾವೇ ಸರಿ. ಇನ್ನೊಂದು ಸಂಶಯ: ಜೋಳದ ಹೊಲದಲ್ಲಿ ಬರುವ ಪರಾವಲಂಬಿ ಕಳೆ ಇದರ ಜಾತಿಯದೇ?

ಸೊಲ್ಲಾಪುರದ ಸಸ್ಯಶಾಸ್ತ್ರ ಅಧ್ಯಾಪಕಿ

ಅಲ್ಲ. ಅದು ಸ್ಟ್ರೈಗಾ, ನಮ್ಮ ಕಡೆ ಟಾರ್ಫುಲಾ ಎನ್ನುತ್ತಾರೆ. ಅದು ಬೇರಿಗೆ ಅಂಟುತ್ತದೆ, ನೆಲದ ಮೇಲೆ ಹಸಿರು ಗಿಡವಾಗಿಯೇ ನಿಲ್ಲುತ್ತದೆ. ಬಹಳ ಮುಖ್ಯವಾದ ವ್ಯತ್ಯಾಸವೊಂದಿದೆ. ಸ್ಟ್ರೈಗಾದ ಬೀಜ ತನಗೆ ಬೇಕಾದ ಗಿಡದ ಬೇರಿನಿಂದ ಒಸರುವ ರಾಸಾಯನಿಕ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಕಸ್ಕ್ಯೂಟಾದ ಬೀಜಕ್ಕೆ ಅಂತಹ ಸುಳಿವು ಬೇಕಾಗಿಲ್ಲ. ಗಟ್ಟಿ ಸಿಪ್ಪೆ ಸಡಿಲವಾಗಿ, ತೇವ ಮತ್ತು ಬಿಸುಪು ಸಿಕ್ಕಿದರೆ ತಾನಾಗಿಯೇ ಮೊಳೆಯುತ್ತದೆ. ಮೊಳಕೆಯಲ್ಲಿ ಎಲೆಯಿಲ್ಲ, ಸರಿಯಾದ ಬೇರಿಲ್ಲ, ಬೀಜದೊಳಗಿನ ಬುತ್ತಿ ತೀರುವ ಮೊದಲು, ಅಂದರೆ ಹೆಚ್ಚೆಂದರೆ ಒಂದೆರಡು ವಾರಗಳೊಳಗೆ, ಗಿಡವೊಂದನ್ನು ಹಿಡಿಯಲೇಬೇಕು. ಇಲ್ಲದಿದ್ದರೆ ಒಣಗಿ ಸಾಯುತ್ತದೆ. ಅದರ ಇಡೀ ಜೀವನದಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುವ ಕಾಲವೆಂದರೆ ಇದೊಂದೇ.

ಆಸರೆಯನ್ನು ಅದು ಹೇಗೆ ಹುಡುಕುತ್ತದೆ ಎಂಬುದರ ಬಗ್ಗೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಕಸ್ಕ್ಯೂಟಾದ ಮೊಳಕೆಯು ಟೊಮೆಟೊ ಗಿಡದ ಕಡೆಗೆ ವಾಲಿಕೊಂಡು ಬೆಳೆಯುತ್ತದೆ. ಗಿಡವನ್ನು ಮರೆಮಾಡಿ ಅದರ ವಾಸನೆಯ ಅಂಶಗಳನ್ನಷ್ಟೇ ಇಟ್ಟರೂ ಅದೇ ಕಡೆಗೆ ಹೋಗುತ್ತದೆ. ಗೋಧಿ ಮತ್ತು ಟೊಮೆಟೊ ಎರಡೂ ಇದ್ದರೆ ಟೊಮೆಟೊವನ್ನೇ ಆರಿಸಿಕೊಳ್ಳುತ್ತದೆ, ಗೋಧಿಯ ವಾಸನೆಯಲ್ಲಿರುವ ಒಂದು ಅಂಶ ಅದನ್ನು ದೂರ ತಳ್ಳುತ್ತದೆ. ಜೋಳ, ಸಜ್ಜೆ, ಗೋಧಿ, ಗೋವಿನಜೋಳ, ಕಬ್ಬು ಮುಂತಾದ ಹುಲ್ಲಿನ ಕುಟುಂಬದ ಬೆಳೆಗಳಲ್ಲಿ ಇದು ನೆಲೆ ನಿಲ್ಲುವುದಿಲ್ಲವೆಂಬ ಅನುಭವವೂ ಇದೆ. ಮುಂದಿನ ಹತೋಟಿಗೆ ಈ ಸಂಗತಿ ಬಹಳ ಉಪಯೋಗಕ್ಕೆ ಬರುತ್ತದೆ.

ದಕ್ಷಿಣ ಸೊಲ್ಲಾಪುರದ ದ್ರಾಕ್ಷಿ ಬೆಳೆಗಾರ

ಇಷ್ಟೆಲ್ಲ ಶಾಸ್ತ್ರ ಬೇಕಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಬಹಳ ತೆಳುವಾಗಿ ಕಲಸಿ ಹೊಡೆದರೆ ಬಳ್ಳಿ ಸಾಯುತ್ತದೆ, ಮಸಾಲೆ ಸ್ವಲ್ಪ ಹಳದಿಯಾಗಿ ಆಮೇಲೆ ಚೇತರಿಸಿಕೊಳ್ಳುತ್ತದೆ. ಪರದೇಶಗಳಲ್ಲಿ ಹೀಗೆ ಮಾಡುತ್ತಾರೆಂದು ಓದಿದ್ದೇನೆ.

ಅಕ್ಕಲಕೋಟದ ನಿವೃತ್ತ ಕೃಷಿ ಸಹಾಯಕ

ಬೆಳೆಗಾರರೇ, ನೀವು ಓದಿದ್ದು ಸುಳ್ಳಲ್ಲ. ಕಡಿಮೆ ಪ್ರಮಾಣದ ಪ್ರಯೋಗಗಳು ನಡೆದಿವೆ. ಆದರೆ ಆ ಪ್ರಯೋಗಗಳಲ್ಲಿ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ಅಳೆದು, ಅಳತೆ ಮಾಡಿದ ನೋಜಲ್‌ನಿಂದ ಸಿಂಪಡಿಸಿರುತ್ತಾರೆ. ನಮ್ಮ ಬೆನ್ನಿನ ಪಂಪಿನಲ್ಲಿ ಮುಚ್ಚಳದಿಂದ ಅಳೆದು ಹಾಕುವ ಪದ್ಧತಿಯಲ್ಲಿ ಒಂದು ಸಾಲಿಗೆ ಕಡಿಮೆ, ಇನ್ನೊಂದು ಸಾಲಿಗೆ ಇಮ್ಮಡಿ ಬೀಳುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ ನಮ್ಮ ದೇಶದಲ್ಲಿ ಗ್ಲೈಫೋಸೇಟ್‌ಗೆ ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ, ಮೇವಿನ ಬೆಳೆಗಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಇಂದು ಹೊಡೆದ ಮೇವು ನಾಳೆ ದನದ ಹೊಟ್ಟೆಗೆ, ಅಲ್ಲಿಂದ ಮಕ್ಕಳ ಹಾಲಿನ ಲೋಟಕ್ಕೆ ಹೋಗುವಂತಹದು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಪ್ಯಾರಾಕ್ವಾಟ್ ಹೊಡೆದು ಸುಡಿರಿ ಎನ್ನುವವರೂ ಬರುತ್ತಾರೆ. ಅದು ಬಳ್ಳಿಯನ್ನೂ ಬೆಳೆಯನ್ನೂ ಸೇರಿಸಿಯೇ ಸುಡುತ್ತದೆ, ಮನುಷ್ಯನ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಒಂದು ಹಾಸಿಗೆಯಷ್ಟು ಜಾಗವನ್ನು ಸುಡಲು ಅಂತಹ ಡಬ್ಬಿಯನ್ನು ಮನೆಗೆ ತರುವ ಅಗತ್ಯವೇನಿದೆ? ಒಣ ಕಣಿಕೆ ಮತ್ತು ಕಡ್ಡಿಪೆಟ್ಟಿಗೆ ಸಾಕು.

ಜತ್ತದ ಹೈನುಗಾರ

ಕಾಕಾ, ಇವತ್ತು ಬೆಳಗಿನ ಬಿಸಿಲಿನಲ್ಲಿ ಕುಳಿತು ಎಳೆಎಳೆಯಾಗಿ ನೋಡಿದೆ. ಒಳಗಡೆ, ನೆರಳಿನ ಭಾಗದಲ್ಲಿ ಬಿಳಿಯ ಹೂಗಳ ಗೊಂಚಲು ಇವೆ. ಅಲ್ಲಲ್ಲಿ ಕಾಯಿಯೂ ಕಟ್ಟಿದೆ, ಆದರೆ ಇನ್ನೂ ಹಸಿರಾಗಿದೆ, ಒಡೆದು ನೋಡಿದರೆ ಒಳಗಿನ ಬೀಜ ಮೆತ್ತಗಿದೆ. ಬಿತ್ತಿದ್ದರಲ್ಲಿ ಉಳಿದ ಬೀಜ ಚೀಲದಲ್ಲಿ ಇತ್ತು. ಬಿಳಿ ತಾಟಿನಲ್ಲಿ ಹರಡಿ ಮಗಳ ಶಾಲೆಯ ಭೂತಗನ್ನಡಿಯಿಂದ ನೋಡಿದರೆ ನುಣುಪಾದ ಹಳದಿ ಕಾಳುಗಳ ನಡುವೆ ಬೂದು ಬಣ್ಣದ, ಒರಟಾದ, ಚಿಕ್ಕ ಕಾಳುಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಇವೇ ಏನು? ಬೀಜ ತಂದದ್ದು ವಾರದ ಸಂತೆಯಲ್ಲಿ, ತೂಕದ ಲೆಕ್ಕದಲ್ಲಿ.

ಸೊಲ್ಲಾಪುರದ ಸಸ್ಯಶಾಸ್ತ್ರ ಅಧ್ಯಾಪಕಿ

ಅವೇ. ಕುದುರೆ ಮಸಾಲೆಯ ಬೀಜ ಮೂತ್ರಪಿಂಡದ ಆಕಾರದ್ದು, ನುಣುಪು, ಹಳದಿ ಮಿಶ್ರಿತ ಕಂದು. ಕಸ್ಕ್ಯೂಟಾದ ಬೀಜ ಒಂದರಿಂದ ಒಂದೂವರೆ ಮಿಲಿಮೀಟರ್, ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾಗಿ ಮೂಲೆಗಟ್ಟಿರುತ್ತದೆ, ಹೊಳಪಿಲ್ಲ, ಮೇಲ್ಮೈ ಒರಟು. ಆ ಒರಟುತನವನ್ನೇ ಬೀಜ ಸಂಸ್ಕರಣೆಯಲ್ಲಿ ಉಪಯೋಗಿಸಿಕೊಳ್ಳುತ್ತಾರೆ: ಬೀಜರಾಶಿಗೆ ಸ್ವಲ್ಪ ತೇವ ಮಾಡಿ ನುಣ್ಣನೆಯ ಕಬ್ಬಿಣದ ಪುಡಿ ಬೆರೆಸಿದರೆ ಪುಡಿಯು ಒರಟು ಬೀಜಕ್ಕೆ ಮಾತ್ರ ಅಂಟುತ್ತದೆ, ಅಯಸ್ಕಾಂತದ ಉರುಳೆಯ ಮೇಲೆ ಹಾಯಿಸಿದಾಗ ಅವು ಬೇರ್ಪಡುತ್ತವೆ. ಮನೆಯ ಜರಡಿಯಿಂದ ಸಣ್ಣ ಕಾಳುಗಳು ಬಹಳಷ್ಟು ಹೋಗುತ್ತವೆ, ಆದರೆ ದೊಡ್ಡವು ಮಸಾಲೆಯ ಜೊತೆಗೇ ಉಳಿಯುತ್ತವೆ. ಹಾಗಾಗಿ ಆ ಚೀಲದ ಬೀಜವನ್ನು ಜರಡಿ ಹಿಡಿದು ಬಿತ್ತುವ ಯೋಚನೆ ಮಾಡಬೇಡಿರಿ, ಒಲೆಗೆ ಹಾಕಿರಿ.

ಜತ್ತದ ಬೀಜದಂಗಡಿಯವರು

ಅಂಗಡಿಯವನಾಗಿ ಎರಡು ಮಾತು. ಮಸಾಲೆ ಬೀಜ ನಮ್ಮ ಕಡೆಗೆ ಬಹುಪಾಲು ಗುಜರಾತಿನಿಂದ ಬರುತ್ತದೆ. ಅದರಲ್ಲಿ ಚೀಟಿ ಇರುವ ಚೀಲವೂ ಇದೆ, ಚೀಟಿಯಿಲ್ಲದ ಬಿಡಿ ಮಾಲೂ ಇದೆ. ನೀಲಿ ಚೀಟಿ ಪ್ರಮಾಣಿತ ಬೀಜದ್ದು. ಅದಕ್ಕೆ ಹೊಲದ ತಪಾಸಣೆಯೂ ಪ್ರಯೋಗಾಲಯದ ಪರೀಕ್ಷೆಯೂ ಆಗಿರುತ್ತದೆ, ಮಸಾಲೆಯಲ್ಲಿ ಕಸ್ಕ್ಯೂಟಾ ಆಕ್ಷೇಪಾರ್ಹ ಕಳೆಯೆಂದು ಪ್ರಮಾಣೀಕರಣದ ನಿಯಮದಲ್ಲಿಯೇ ಇದೆ. ತಿಳಿಹಸಿರು ಚೀಟಿ ಇದ್ದರೆ ಬೀಜದ ಗುಣಕ್ಕೆ ಉತ್ಪಾದಕನೇ ಹೊಣೆ. ಸಂತೆಯ ಬೀಜಕ್ಕೆ ಯಾರೂ ಹೊಣೆಯಲ್ಲ. ಕಿಲೋಗೆ ದರ ಕಡಿಮೆ ಎಂಬ ಕಾರಣಕ್ಕೆ ಜನ ಅಲ್ಲಿಗೆ ಹೋಗುತ್ತಾರೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಆರ್.ಎಲ್.-88 ತಳಿ ನಮ್ಮ ಹವೆಗೆ ಚೆನ್ನಾಗಿ ಹೊಂದುತ್ತದೆ, ಅದರ ಚೀಟಿಯಿರುವ ಬೀಜ ಕೇಳಿ ತೆಗೆದುಕೊಳ್ಳಿರಿ. ಚೀಟಿ ಮತ್ತು ಪಾವತಿ ಎರಡನ್ನೂ ಬೆಳೆ ಇರುವವರೆಗೆ ಇಟ್ಟುಕೊಳ್ಳಿರಿ.

ಮಡಕಶಿರಾದ ರೈತ

ಆಂಧ್ರದ ಗಡಿಯಿಂದ ಬರೆಯುತ್ತಿದ್ದೇನೆ. ನಮ್ಮ ತೆಲುಗು ನೆರೆಯವರು ಇದನ್ನು ಬಂಗಾರು ತೀಗ ಎನ್ನುತ್ತಾರೆ. ಕೃಷ್ಣಾ ನದಿಯ ಮುಖಜ ಭೂಮಿಯಲ್ಲಿ ಭತ್ತದ ಕೊಯ್ಲಿನ ನಂತರ ಹಾಕುವ ಉದ್ದಿಗೆ ಇದರ ಕಾಟ ಬಹಳ. ನಾವು ಹೊಲದ ಸುತ್ತ ಹುಚ್ಚೆಳ್ಳು ಬಿತ್ತುವ ರೂಢಿ ಇಟ್ಟುಕೊಂಡಿದ್ದೇವೆ. ಹುಚ್ಚೆಳ್ಳಿನ ಬೀಜದಲ್ಲಿಯೂ ಇದು ಬರುತ್ತದೆಯೇ?

ಅಕ್ಕಲಕೋಟದ ನಿವೃತ್ತ ಕೃಷಿ ಸಹಾಯಕ

ಖಂಡಿತ ಬರುತ್ತದೆ. ನೀವು ಹುಚ್ಚೆಳ್ಳು ಎನ್ನುವ ನಮ್ಮ ಗುರೆಳ್ಳು ಇದರ ಅಚ್ಚುಮೆಚ್ಚಿನ ಆಸರೆಗಳಲ್ಲಿ ಒಂದು. ಅಮೆರಿಕಕ್ಕೆ ಹಕ್ಕಿಗಳ ಕಾಳಾಗಿ ಹೋಗುವ ಗುರೆಳ್ಳನ್ನು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ ಕಾಯಿಸಿಯೇ ಒಳಗೆ ಬಿಡುವ ನಿಯಮವಿದೆ. ಕಸ್ಕ್ಯೂಟಾದಂತಹ ಕಳೆಬೀಜಗಳು ಜೀವಂತವಾಗಿ ಬಾರದಿರಲಿ ಎಂದೇ ಆ ನಿಯಮ. ಕಾಯಿಸಿದ ಬೀಜ ಬಿತ್ತನೆಗೆ ಬಾರದು, ಆದ್ದರಿಂದ ಈ ಉಪಾಯ ನಮಗೆ ಒದಗುವುದಿಲ್ಲ. ನೀವು ತಾಟಿನಲ್ಲಿ ಹರಡಿ ನೋಡಿಯೇ ಬಿತ್ತಬೇಕು.

ಈಗ ಹೈನುಗಾರರ ಹೊಲಕ್ಕೆ ಬರುತ್ತೇನೆ. ಕಾಯಿ ಇನ್ನೂ ಹಸಿರಾಗಿದೆ ಎಂದಿರಿ. ನಿಮಗೆ ಸಮಯವಿದೆ, ಆದರೆ ಹೆಚ್ಚಿಲ್ಲ. ಒಂದು ಬಳ್ಳಿ ಸಾವಿರಾರು ಬೀಜ ಕೊಡುತ್ತದೆ, ಮಣ್ಣಿಗೆ ಬಿದ್ದವು ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರುತ್ತವೆ, ಪ್ರತಿ ಹಂಗಾಮಿನಲ್ಲಿ ಅವುಗಳ ಒಂದು ಪಾಲು ಮಾತ್ರ ಮೊಳೆಯುತ್ತದೆ. ಕಣ್ಣಿಗೆ ಕಾಣುವ ಬಳ್ಳಿಯನ್ನು ಕೊಲ್ಲುವುದು ಕಷ್ಟವಲ್ಲ, ಬೀಜ ಮಣ್ಣಿಗೆ ಸೇರದಂತೆ ನೋಡಿಕೊಳ್ಳುವುದೇ ಇಡೀ ಕೆಲಸ. ಅದಕ್ಕಾಗಿ ಆ ಜಾಗದ ಮಸಾಲೆಯನ್ನು ನೀವು ಕಳೆದುಕೊಳ್ಳಲೇಬೇಕು. ಮಸಾಲೆ ಉಳಿದು, ಅಂಟಿಕೊಂಡ ಬಳ್ಳಿಯಷ್ಟೇ ಸಾಯುವ ಎಣ್ಣೆಯನ್ನು ನಾನು ನಿಮಗೆ ಹೇಳಲಾರೆ.

ಮುಂದಿನ ಕಟಾವಿನಲ್ಲಿ ಮೊದಲು ಶುದ್ಧವಾದ ಭಾಗವನ್ನು ಕೊಯ್ದು ಮೇವನ್ನು ಹೊರಗೆ ಸಾಗಿಸಿಬಿಡಿರಿ. ಕುಡುಗೋಲು, ಹಗ್ಗ, ಹೊರೆ ಕಟ್ಟುವ ಗೋಣಿ ಯಾವುದೂ ಬಳ್ಳಿಯಿರುವ ಜಾಗದಿಂದ ಶುದ್ಧ ಜಾಗಕ್ಕೆ ಹೋಗಬಾರದು. ಆಮೇಲೆ ಬಳ್ಳಿ ಕಾಣುವ ಅಂಚಿನಿಂದ ಇನ್ನೆರಡು ಮೊಳ ಆಚೆಗೆ ಗೂಟ ನೆಟ್ಟು ಗುರುತು ಮಾಡಿರಿ, ಏಕೆಂದರೆ ತುದಿಯ ಎಳೆಗಳು ಎಲೆಯ ಕೆಳಗೆ ಅಡಗಿ ಮುಂದೆ ಹೋಗಿರುತ್ತವೆ. ಆ ಗುರುತಿನೊಳಗಿನ ಮಸಾಲೆಯನ್ನು ನೆಲಕ್ಕೆ ಹತ್ತಿ ಕೊಯ್ಯಿರಿ; ನಾವು ಎಂದಿನಂತೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಗಂಟುಗಳೆಲ್ಲ ಕೂಳೆಯಲ್ಲಿ ಉಳಿಯುತ್ತವೆ. ಕೊಯ್ದದ್ದನ್ನು ತಾಡಪತ್ರಿಯ ಮೇಲೆ ಹಾಕಿ, ಅಲ್ಲಿಯೇ ಒಣಗಿಸಿ, ಅಲ್ಲಿಯೇ ಸುಡಿರಿ. ಹೊಲದ ಉದ್ದಕ್ಕೂ ಹೊತ್ತುಕೊಂಡು ಹೋಗಬೇಡಿರಿ. ಕೂಳೆಯ ಮೇಲೂ ಕಣಿಕೆ ಹರಡಿ ಬೆಂಕಿ ಕೊಡಿರಿ, ಗಾಳಿ ಇಲ್ಲದ ಹೊತ್ತು ನೋಡಿ, ಪಕ್ಕದಲ್ಲಿ ನೀರು ಇಟ್ಟುಕೊಂಡು. ಮಸಾಲೆಯ ಬೇರು ಆಳವಾದದ್ದು, ಬಹಳಷ್ಟು ಕಡೆ ಮತ್ತೆ ಚಿಗುರುತ್ತದೆ.

ಇನ್ನು ಎಣ್ಣೆ. ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಕಸ್ಕ್ಯೂಟಾ ಮೊಳೆಯುವುದನ್ನು ತಡೆಯುತ್ತದೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯವೂ ಇದನ್ನೇ ಹೇಳುತ್ತದೆ. ಪ್ರಮಾಣ ಹೆಕ್ಟೇರಿಗೆ ಒಂದು ಕಿಲೋ ಮೂಲವಸ್ತು, ಅಂದರೆ 30 ಇಸಿ ರೂಪದ್ದಾದರೆ (ನೂರಕ್ಕೆ ಮೂವತ್ತು ಪಾಲು ಮೂಲವಸ್ತುವಿರುವ ದ್ರವ) ಎಕರೆಗೆ ಸುಮಾರು 1.3 ಲೀಟರ್. ಇದು ಈಗಾಗಲೇ ಅಂಟಿಕೊಂಡ ಬಳ್ಳಿಗೆ ಏನೂ ಮಾಡುವುದಿಲ್ಲ. ಕಟಾವಾದ ಕೂಡಲೇ, ಎಲೆಯಿಲ್ಲದಿರುವಾಗ, ಹದವಾದ ತೇವವಿರುವ ನೆಲದ ಮೇಲೆ ಸಮನಾಗಿ ಬೀಳಬೇಕು. ಅದರ ಹಳದಿ ಬಣ್ಣ ಕೈಗೂ ಬಟ್ಟೆಗೂ ಅಂಟಿದರೆ ಸುಲಭವಾಗಿ ಹೋಗುವುದಿಲ್ಲ, ಕೈಗವಸು ಹಾಕಿಕೊಳ್ಳಿರಿ. ಸಿಂಪಡಿಸಿದ ಮೇಲಿನ ಮೇವನ್ನು ಎಷ್ಟು ದಿನ ಬಿಟ್ಟು ದನಕ್ಕೆ ಹಾಕಬೇಕೆಂಬುದನ್ನು ಡಬ್ಬಿಯ ಮೇಲಿನ ಸೂಚನೆ ಮತ್ತು ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರ ಮಾತನ್ನು ಕೇಳಿಯೇ ತೀರ್ಮಾನಿಸಿರಿ. ಒಂದು ಮೂಲೆಗಷ್ಟೇ ಸೀಮಿತವಾಗಿರುವಾಗ ಇಡೀ ಇಪ್ಪತ್ತು ಗುಂಟೆಗೆ ಹೊಡೆಯಬೇಕಾಗಿಲ್ಲ. ಸುಟ್ಟ ಜಾಗ ಮತ್ತು ಅದರ ಸುತ್ತಲಿನ ಪಟ್ಟಿಗೆ ಸಾಕು.

ಪ್ರತಿ ನೀರು ಹಾಯಿಸಿದ ಮೇಲೆ ಒಂದು ವಾರದೊಳಗೆ ಆ ಜಾಗವನ್ನು ಬಗ್ಗಿ ನೋಡಬೇಕು. ಹೊಸ ಮೊಳಕೆ ಬಂದಿದ್ದರೆ ಎಡೆಕುಂಟೆಯಿಂದ ಮೇಲುಮೇಲೆ ಹರಗಿದರೂ ಸಾಯುತ್ತದೆ, ಏಕೆಂದರೆ ಅಂಟಿಕೊಳ್ಳುವ ಮೊದಲು ಅದಕ್ಕೆ ಏನೂ ಬಲವಿಲ್ಲ.

ಮಾಡಗ್ಯಾಳದ ಕುರಿಗಾರ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನಮ್ಮ ಊರಿನ ಕಡೆ ಈ ಬಳ್ಳಿ ಹಬ್ಬಿದ್ದಕ್ಕೆ ಕುರಿಗಳೇ ಕಾರಣವೆಂದು ಕೆಲವರು ಹಟ್ಟಿ ಹಾಕಿಸುವುದನ್ನೇ, ಅಂದರೆ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸುವುದನ್ನೇ ಬಿಟ್ಟಿದ್ದಾರೆ. ಕುರಿಯ ಹಿಕ್ಕೆಯಿಂದ ಹೊಲಕ್ಕೆ ಆಗುವ ಲಾಭ ಇವರಿಗೆಲ್ಲ ಗೊತ್ತಿದೆ. ಬೀಜದ ಚೀಲದಲ್ಲಿ ಬಂದದ್ದಕ್ಕೆ ನಮ್ಮ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಸೊಲ್ಲಾಪುರದ ಸಸ್ಯಶಾಸ್ತ್ರ ಅಧ್ಯಾಪಕಿ

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ವಿಷಯವನ್ನು ಇದ್ದ ಹಾಗೆ ಹೇಳಬೇಕು. ಕಸ್ಕ್ಯೂಟಾದ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಕುರಿ, ದನಗಳ ಹೊಟ್ಟೆಯ ಮೂಲಕ ಹಾಯ್ದು ಬಂದ ಮೇಲೂ ಒಂದು ಪಾಲು ಮೊಳೆಯುವ ಶಕ್ತಿ ಉಳಿಸಿಕೊಂಡಿರುತ್ತದೆ. ಬೀಜ ಬಲಿತ ಬಳ್ಳಿಯನ್ನು ಮೇಯ್ದ ಹಿಂಡು ಆ ರಾತ್ರಿ ಬೇರೆ ಹೊಲದಲ್ಲಿ ನಿಂತರೆ ಅಲ್ಲಿ ಬೀಜ ಬೀಳುತ್ತದೆ. ಮೊದಲು ಬಂದದ್ದು ಮಾರಾಟದ ಬೀಜದಿಂದ, ಆಮೇಲೆ ಊರೊಳಗೆ ಹರಡುವುದು ಹಿಕ್ಕೆ, ಗೊಬ್ಬರ, ಕಾಲುವೆಯ ನೀರು ಮತ್ತು ಕೃಷಿ ಸಲಕರಣೆಗಳಿಂದ. ಕುರಿಗಾರರೊಬ್ಬರದೇ ತಪ್ಪೆನ್ನುವುದು ಸರಿಯಲ್ಲ, ಅವರ ಪಾಲು ಇಲ್ಲವೆನ್ನುವುದೂ ಸರಿಯಲ್ಲ.

ಮಾಡಗ್ಯಾಳದ ಕುರಿಗಾರ

ಹಾಗಿದ್ದರೆ ಒಂದು ದಾರಿ ಹೇಳುತ್ತೇನೆ, ತಿಳಿದವರು ಒಪ್ಪುತ್ತೀರೋ ನೋಡಿರಿ. ಹಿಂಗಾರಿ ಜೋಳ ಬಿತ್ತುವ ಹೊಲಗಳಲ್ಲಿ, ಗೋವಿನಜೋಳದ ಹೊಲಗಳಲ್ಲಿ ಹಟ್ಟಿ ಹಾಕಿದರೆ ಬೀಜ ಬಿದ್ದರೂ ಜೋಳಕ್ಕೆ ಅದು ಹತ್ತುವುದಿಲ್ಲವಷ್ಟೇ? ತೊಗರಿ, ಉಳ್ಳಾಗಡ್ಡಿ, ಮಸಾಲೆ ಹಾಕುವವರ ಹೊಲಕ್ಕೆ ನಾವು ಹೋಗುವುದಿಲ್ಲ.

ಅಕ್ಕಲಕೋಟದ ನಿವೃತ್ತ ಕೃಷಿ ಸಹಾಯಕ

ಒಳ್ಳೆಯ ಏರ್ಪಾಡು, ನಾನು ಪೂರ್ತಿ ಒಪ್ಪುತ್ತೇನೆ. ಒಂದು ಷರತ್ತು ಮಾತ್ರ. ಜೋಳದ ಹೊಲದಲ್ಲಿ ಅಗಲ ಎಲೆಯ ಕಸ ಬೆಳೆಯಲು ಬಿಟ್ಟರೆ ಬಳ್ಳಿ ಆ ಕಸವನ್ನೇ ಹಿಡಿದುಕೊಂಡು ಬೀಜ ಮಾಡುತ್ತದೆ. ರೈತರು ಬೆಳೆ ಬದಲಾಯಿಸಿದೆವೆಂದು ನಿಶ್ಚಿಂತರಾಗುತ್ತಾರೆ, ಬದುವಿನ ಮೇಲಿನ ಕಸವನ್ನು ಯಾರೂ ನೋಡುವುದಿಲ್ಲ. ಬದು ಶುದ್ಧವಾಗಿರದಿದ್ದರೆ ಬೆಳೆ ಪರಿವರ್ತನೆಯ ಲಾಭ ಅರ್ಧಕ್ಕರ್ಧ ಹೋಗುತ್ತದೆ.

ಜತ್ತದ ಹೈನುಗಾರ

ಕಾಕಾ ಹೇಳಿದಂತೆಯೇ ಮಾಡುತ್ತಿದ್ದೇನೆ. ಶುದ್ಧ ಭಾಗದ ಕಟಾವು ಮುಗಿದಿದೆ, ಮೂಲೆಯದನ್ನು ಕೊಯ್ದು ತಾಡಪತ್ರಿಯ ಮೇಲೆ ಒಣಗಲು ಹಾಕಿದ್ದೇನೆ. ಉಳಿದಿರುವುದು ಮೂರು ಸಂಶಯ. ಇದುವರೆಗೆ ಬಳ್ಳಿ ಬೆರೆತ ಮೇವನ್ನೇ ದನಗಳು ತಿಂದಿವೆ, ಅವುಗಳಿಗೆ ತೊಂದರೆ ಇದೆಯೇ? ಆ ಸಗಣಿಯೆಲ್ಲ ತಿಪ್ಪೆಯಲ್ಲಿದೆ, ಅದನ್ನು ಏನು ಮಾಡಲಿ? ಪಕ್ಕದವರ ತೊಗರಿಯಲ್ಲಿ ಎರಡು ಗಿಡಕ್ಕೆ ಎಳೆ ಹತ್ತಿದೆ, ಅವರು ಬಂದು ಕೇಳುತ್ತಿದ್ದಾರೆ.

ಸೊಲ್ಲಾಪುರದ ಸಸ್ಯಶಾಸ್ತ್ರ ಅಧ್ಯಾಪಕಿ

ದನಗಳ ವಿಷಯ: ಅಲ್ಪಸ್ವಲ್ಪ ಬೆರೆತದ್ದನ್ನು ತಿಂದ ದನಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಳ್ಳಿಯೇ ಹೆಚ್ಚಾಗಿರುವ ಮೇವು ಹೊಟ್ಟೆ ಕೆಡಿಸುತ್ತದೆ, ಕುದುರೆಗಳಿಗೆ ಶೂಲೆ ಬರಿಸುತ್ತದೆ. ಹಸಿ ಮಸಾಲೆಯನ್ನೇ ಖಾಲಿ ಹೊಟ್ಟೆಗೆ ಹೆಚ್ಚು ಹಾಕಿದರೂ ಹೊಟ್ಟೆಯುಬ್ಬರವಾಗುತ್ತದೆಂಬುದು ನಿಮಗೆ ತಿಳಿದೇ ಇದೆ, ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿರಿ. ದನ ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಯಿರಿ.

ಇನ್ನೊಂದು ಹಾನಿಯನ್ನು ಇಲ್ಲಿ ಯಾರೂ ಹೇಳಲಿಲ್ಲ. ಒಂದು ಎಳೆ ಎರಡು ಗಿಡಗಳನ್ನು ಹಿಡಿದಾಗ ರೋಗಿ ಗಿಡದ ರಸ ಆರೋಗ್ಯವಂತ ಗಿಡಕ್ಕೆ ಹಾಯುತ್ತದೆ, ಅದರೊಡನೆ ನಂಜುರೋಗಾಣು (ವೈರಸ್), ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಂತಹ ರೋಗಾಣುಗಳೂ ದಾಟುತ್ತವೆ. ಪ್ರಯೋಗಾಲಯಗಳಲ್ಲಿ ಒಂದು ಗಿಡದ ರೋಗವನ್ನು ಇನ್ನೊಂದಕ್ಕೆ ದಾಟಿಸಲು ವಿಜ್ಞಾನಿಗಳು ಬೇಕೆಂದೇ ಕಸ್ಕ್ಯೂಟಾವನ್ನು ಬಳಸುತ್ತಾರೆ. ಮೆಣಸಿನಕಾಯಿ, ಟೊಮೆಟೊ ಬೆಳೆಯುವವರು ಈ ಕಾರಣಕ್ಕಾಗಿಯೂ ಎಚ್ಚರವಾಗಿರಬೇಕು.

ಅಕ್ಕಲಕೋಟದ ನಿವೃತ್ತ ಕೃಷಿ ಸಹಾಯಕ

ತೊಗರಿಯ ಎರಡು ಗಿಡಗಳ ಮೇಲೆ ಕರುಣೆ ತೋರಿಸಬಾರದು. ಎಳೆಯನ್ನು ಬಿಡಿಸುವ ಗೊಡವೆಗೆ ಹೋಗದೆ ಗಿಡಗಳನ್ನೇ ಬುಡಕ್ಕೆ ಕತ್ತರಿಸಿ ನಿಮ್ಮ ತಾಡಪತ್ರಿಗೇ ಹಾಕಿಸಿರಿ, ಒಟ್ಟಿಗೆ ಸುಟ್ಟುಹೋಗಲಿ. ಅವರ ಹೊಲದಲ್ಲಿ ಇನ್ನೆಲ್ಲಿಯಾದರೂ ಇದೆಯೇ ಎಂದು ಸಾಲು ಸಾಲು ತಿರುಗಿ ನೋಡಲಿ, ಮುಖ್ಯವಾಗಿ ನಿಮ್ಮ ಹೊಲದ ನೀರು ಹರಿದು ಹೋಗುವ ಇಳಿಜಾರಿನ ಕಡೆ. ಬರುವ ವರ್ಷ ಆ ಪಟ್ಟಿಗೆ ತೊಗರಿಯ ಬದಲು ಸಜ್ಜೆಯನ್ನೋ ಗೋವಿನಜೋಳವನ್ನೋ ಹಾಕಲಿ.

ತಿಪ್ಪೆಯ ಗೊಬ್ಬರ ಮಸಾಲೆಗೂ, ಕಾಯಿಪಲ್ಲೆಗೂ, ದಾಳಿಂಬೆಯ ಮಡಿಗೂ ಹೋಗಬಾರದು. ಕಬ್ಬಿಗೆ ಅಥವಾ ಜೋಳದ ಹೊಲಕ್ಕೆ ಹಾಕಿರಿ. ಹಾಕುವ ಮೊದಲು ತಿಪ್ಪೆಯನ್ನು ತೇವ ಮಾಡಿ, ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ಮಗುಚಿ ಚೆನ್ನಾಗಿ ಕಾವು ಬರಿಸಿರಿ. ಕಾವಿನಲ್ಲಿ ಬಹಳಷ್ಟು ಬೀಜ ಸಾಯುತ್ತದೆ, ಎಲ್ಲವೂ ಅಲ್ಲ. ಯಾರಾದರೂ ಗಾಡಿ ಗೊಬ್ಬರ ಕೊಳ್ಳಲು ಬಂದರೆ ಅವರು ಯಾವ ಬೆಳೆಗೆ ಒಯ್ಯುತ್ತಾರೆಂದು ಕೇಳಿಯೇ ಕೊಡಿರಿ.

ಮಸಾಲೆಯ ಉಳಿದ ಭಾಗದಲ್ಲಿ ಮುಂದಿನ ಕಟಾವುಗಳಲ್ಲಿಯೂ ಅಲ್ಲಲ್ಲಿ ಎಳೆ ಕಾಣಿಸಿಕೊಂಡರೆ ಇಡೀ ಬೆಳೆಯನ್ನೇ ತೆಗೆಯುವುದು ಲೇಸು. ಹಾಗಾದಲ್ಲಿ ಬೇಸಿಗೆಯಲ್ಲಿ ಒಮ್ಮೆ ನೀರು ಹಾಯಿಸಿ, ಮೊಳೆತದ್ದನ್ನು ಕುಂಟೆಯಿಂದ ಹರಗಿ, ಮತ್ತೊಮ್ಮೆ ಹಾಗೆಯೇ ಮಾಡಿ, ಆಮೇಲೆ ಗೋವಿನಜೋಳ ಬಿತ್ತಿರಿ. ಮೇವಿಗೂ ಅದೇ ಆಗುತ್ತದೆ. ಮಡಿಕೆ ಹೊಡೆದು ಬೀಜವನ್ನು ಆಳಕ್ಕೆ ಹಾಕುವ ವಿಚಾರವಿದ್ದರೆ ಒಮ್ಮೆ ಮಾತ್ರ ಹೊಡೆಯಿರಿ, ಮರುವರ್ಷವೂ ಆಳವಾಗಿ ಹೊಡೆದರೆ ಹೂತಿಟ್ಟದ್ದನ್ನು ನೀವೇ ಮೇಲೆ ತಂದಂತಾಗುತ್ತದೆ. ಮಸಾಲೆಯನ್ನು ಹೊಸ ಜಾಗದಲ್ಲಿ, ಚೀಟಿಯಿರುವ ಬೀಜದಿಂದ ಹಾಕಿರಿ.

ಜತ್ತದ ಹೈನುಗಾರ

ಪಕ್ಕದವರು ತೊಗರಿಯ ಎರಡು ಗಿಡಗಳನ್ನು ಕತ್ತರಿಸಿ ತಂದುಕೊಟ್ಟರು. ನೀರು ಹರಿಯುವ ಕಡೆ ಇನ್ನೊಂದು ಗಿಡ ಸಿಕ್ಕಿತು, ಅದನ್ನೂ ಸೇರಿಸಿದ್ದೇವೆ. ಗಾಳಿ ನಿಂತ ಮೇಲೆ ಸುಡುತ್ತೇವೆ. ಬೀಜದಂಗಡಿಯವರೇ, ಆರ್.ಎಲ್.-88ರ ನೀಲಿ ಚೀಟಿಯ ಚೀಲ ನಿಮ್ಮಲ್ಲಿ ಯಾವಾಗ ಬರುತ್ತದೆ? ಎಂಟು ಗುಂಟೆಗೆ ಸಾಕಾಗುವಷ್ಟು ಬೇಕು.

ಜತ್ತದ ಬೀಜದಂಗಡಿಯವರು

ಎಕರೆಗೆ ಎಂಟರಿಂದ ಹತ್ತು ಕಿಲೋ ಲೆಕ್ಕ, ನಿಮಗೆ ಎರಡು ಕಿಲೋ ಸಾಕು. ಮಾಲು ಬಂದ ಕೂಡಲೇ ಇಲ್ಲಿಯೇ ತಿಳಿಸುತ್ತೇನೆ. ಚೀಲವನ್ನು ನಿಮ್ಮೆದುರಿಗೇ ಒಡೆದು ತಾಟಿನಲ್ಲಿ ಹರಡಿ ತೋರಿಸುತ್ತೇನೆ, ಭೂತಗನ್ನಡಿ ಮಾತ್ರ ನೀವೇ ತರಬೇಕು.